ಗಂಗವ್ವನ ಉಡಿ

ತಿಕೋಟಾದ ನಮ್ಮ ಮನೆಯ ಹಿಂದೆ ಒಂದು ಹೊಂಡವಿತ್ತು. ನಳ ಬಂದ ಮೇಲೆ ಅದರ ನೀರು ಎಮ್ಮೆಗಳಿಗಷ್ಟೇ ಆಗುತ್ತಿತ್ತು. ದಂಡೆಯ ಆಪಿನ ಹುಲ್ಲಿನಲ್ಲಿ ನೀರುಕೋಳಿಗಳಿದ್ದವು. ಒಗೆಯುವ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದ್ದ ಆಮೆ ನನ್ನ ಹೆಜ್ಜೆಗೆ ಹೆದರುವುದನ್ನು ಯಾವಾಗಲೋ ಬಿಟ್ಟಿತ್ತು.

ಯಜಮಾನರಿಗೆ ಬಿಜಾಪುರದ ಜೋರಾಪುರ ಪೇಟೆಯಲ್ಲಿ ಕಾಳಿನ ವ್ಯಾಪಾರ. ಎಪ್ಪತ್ತರ ದಶಕದ ಕೊನೆಯಲ್ಲಿ, ಹೊಂಡ ಮುಚ್ಚಿ ಗೋದಾಮು ಕಟ್ಟಬೇಕೆಂದರು. ಬಬಲೇಶ್ವರದಿಂದ ಬಂದ ಚಕ್ಕಡಿಯವರು ಮಾತ್ರ ಒಪ್ಪಲಿಲ್ಲ. ಮನೆಯ ಮುತ್ತೈದೆಯೊಬ್ಬಳು ನೀರಿನ ತಾಯಿ ಗಂಗವ್ವನ ಉಡಿ ತುಂಬಿ ಅಪ್ಪಣೆ ಕೇಳಬೇಕು, ಅಲ್ಲಿಯವರೆಗೆ ಜೀವ ಇರುವ ನೀರಿಗೆ ಮಣ್ಣು ಹಾಕುವುದಿಲ್ಲ ಎಂದರು. ಮಾವ ತೀರಿದ ಮೇಲೆ ಅತ್ತೆಗೆ ಆ ಹಕ್ಕಿರಲಿಲ್ಲ. ಉಳಿದವಳು ನಾನೊಬ್ಬಳೇ. ಆ ಮನೆಯಲ್ಲಿ ಒಂದು ಕೆಲಸ ನನ್ನ ಕೈ ಕಾಯ್ದು ನಿಂತದ್ದು ಅದೇ ಮೊದಲು.

ಆಪಿನೊಳಗೆ ನೀರುಕೋಳಿ ಕಾವಿಗೆ ಕೂತಿತ್ತು. ಹೊಂಡ ಉಳಿಸುವ ಮಾತು ನಡೆಯದೆಂದು ನನಗೆ ಗೊತ್ತಿತ್ತು.

“ಮರಿ ಎದ್ದು ಹೋಗೂತನಕ ಒಂದು ಬುಟ್ಟಿ ಮಣ್ಣೂ ಬೀಳಬಾರದು ನೋಡ್ರಿ” ಎಂದೆ.

“ಆತು. ನೀ ಮೊದ್ಲ ಪೂಜಿ ಮುಗಸು. ಬೇಕಾರ ಕೋಳಿ ಬಾಣಂತನಾನೂ ನಾನ ಮಾಡ್ತೇನಿ” ಎಂದರು ಯಜಮಾನರು.

ಶುಕ್ರವಾರ ಮಡಿಯುಟ್ಟು ಖಣ, ಹಸಿರು ಬಳೆ, ಅಕ್ಕಿ, ತೆಂಗಿನಕಾಯಿ ನೀರಿಗೆ ಬಿಟ್ಟೆ. ತಾಯಿ, ತಪ್ಪು ಹೊಟ್ಟೆಗೆ ಹಾಕಿಕೋ ಎಂದು ಬೇಡಿಕೊಂಡೆ. ಒಳಗೆ ಬಂದು ದೇವರಿಗೆ ಎಡೆ ಹಿಡಿಯುವಷ್ಟರಲ್ಲಿ ಗರಸು ಮಣ್ಣು ಸುರಿಯುವ ಸಪ್ಪಳ ಕೇಳಿತು. ಓಡಿದೆ. ಮೊದಲ ಚಕ್ಕಡಿಯನ್ನು ಆಪಿನ ಕಡೆಗೇ ಸುರಿಸಿದ್ದರು, ಅಲ್ಲಿ ಎತ್ತು ತಿರುಗಿಸಲು ಸಸಾರವಂತೆ. ತಾಯಿ ಹಕ್ಕಿ ಗೋಡೆಯ ಮೇಲಿಂದ ಕೂಗುತ್ತಿತ್ತು. ಪೂಜೆಯಾದ ಮೇಲೆ ತಡೆದರೆ ಅಪಶಕುನ ಎಂದು ಯಜಮಾನರು ನನ್ನ ಮುಖ ನೋಡದೆ ಹೇಳಿದರು.

ಹಿತ್ತಲ ಬಾಗಿಲಲ್ಲಿ ಅತ್ತೆ ನಿಂತಿದ್ದರು. “ಹುಚ್ಚಿ, ಮರಿ ಎದ್ದ ಮ್ಯಾಲೆ ಪೂಜಿ ಮಾಡ್ತೇನಿ ಅನ್ನಬೇಕಿತ್ತ ಬೇ ನೀ.”

ಅಷ್ಟು ಸಣ್ಣ ಮಾತು ನನಗೆ ಹೊಳೆದಿರಲಿಲ್ಲ.

ಆಮೆ ಸಿಕ್ಕಿತು, ದೇವರ ದಯೆ. ಚಕ್ಕಡಿಯವನೊಬ್ಬ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ತನ್ನೂರ ಕೆರೆಗೆ ಬಿಟ್ಟ. ಎರಡು ಕೊಡ ಮೀನನ್ನು ನಾನೇ ಹೊತ್ತು ಹೊಲದ ಬಾವಿಗೆ ಹಾಕಿದೆ. ಆಪಿನಲ್ಲಿ ತತ್ತಿ ಎಷ್ಟಿದ್ದವೆಂದು ನೋಡಿರಲಿಲ್ಲ. ಅದೂ ದೇವರ ದಯೆಯೇ ಇರಬೇಕು.

ಇವತ್ತಿಗೂ ಪೂಜೆಗೆ ಮುತ್ತೈದೆ ಬೇಕೆಂದು ಯಾರಾದರೂ ಕರೆಯಲು ಬಂದರೆ, ಯಾತರ ಪೂಜೆ ಎಂದು ಕೇಳದೆ ನಾನು ಕುಂಕುಮ ಹಚ್ಚಿಸಿಕೊಳ್ಳುವುದಿಲ್ಲ. ಬಹಳ ಮಾತಿನ ಹೆಂಗಸು ಎನ್ನುತ್ತಾರೆ. ಅನ್ನಲಿ.