ಓನರಮ್ಮನ ಜ್ಞಾಪಕಶಕ್ತಿ
ನಮ್ಮ ಓನರಮ್ಮನಿಗೆ ತಮ್ಮ ಜ್ಞಾಪಕಶಕ್ತಿಯ ಮೇಲೆ ಎಲ್ಲಿಲ್ಲದ ಜಂಬ. ಬಾಡಿಗೆಗೆ ಬಂದವರ ಕಸುಬು ಕೇಳಿದರೆ ಸಾಕು, ಅವರ ಗುಣವೆಲ್ಲ ಇವರಿಗೆ ಬಾಯಿಪಾಠ: ಡಾಕ್ಟರೆಂದರೆ ದೇವರು, ಮೆಕ್ಯಾನಿಕ್ ಎಂದರೆ ಪುಂಡ. ಮಹಡಿಯ ಮೆಕ್ಯಾನಿಕ್ ದಿನಾ ಮೆಟ್ಟಿಲು ಗುಡಿಸುವುದು ಅವರ ಕಣ್ಣಿಗೆ ಬೀಳದು. ಒಮ್ಮೆ ಗೋಡೆಗೆ ತಾಗಿದ ಅವನ ಕರಿಗೈ ಮಾತ್ರ ಕಣ್ಣಿಗೆ ಕಟ್ಟಿದೆ. ನಿನ್ನೆ ಅವನಿಗೆ ಮನೆ ಖಾಲಿ ಮಾಡೆಂದರು. ಮಗಳು ಸಿಡಿದಳು: “ಅಮ್ಮಾ, ನೀನು ಗೇಟಿನ ಹತ್ರ ತಲೆಸುತ್ತಿ ಬಿದ್ದಾಗ ಆಸ್ಪತ್ರೆಗೆ ಎತ್ಕೊಂಡು ಓಡಿದ್ದು ಅವನೇ!” “ಸುಮ್ನಿರೇ, ಅದು ಎದುರುಮನೆ ಡಾಕ್ಟ್ರು. ನಂಗೆ ಚೆನ್ನಾಗಿ ನೆನಪಿದೆ.” “ಡಾಕ್ಟ್ರು ಅವತ್ತು ಊರಲ್ಲೇ ಇರ್ಲಿಲ್ಲ!” ಓನರಮ್ಮ ಕಪಾಟಿನಿಂದ ಬಿಳಿ ಶಾಲು ತೆಗೆದು ಹರವಿದರು. ಬೆನ್ನಿನ ಜಾಗದಲ್ಲಿ ಐದೂ ಬೆರಳಿನ ಗ್ರೀಸ್ ಗುರುತು. ನನ್ನ ಕಡೆ ತಿರುಗಿ ಹೇಳಿದರು: “ನೋಡ್ರಿ, ಅವತ್ತೇ ನನ್ನ ಶಾಲು ಹಾಳು ಮಾಡಿದ್ದು ಆ ಮೆಕ್ಯಾನಿಕ್ಕು. ನಾನೇನು ಮರೀತೀನಾ?”