ಇನ್ಸೂರಮ್ಮನ ಕಾಣಿಕೆ

ಹಿಂದೂಪುರದಲ್ಲಿ ಬಾಣಂತನ ಮಾಡುವ ಸಣ್ಣಕ್ಕ ಯಾರ ಮನೆಯ ಕೂಸಿಗೆ ಎಣ್ಣೆ ಹಚ್ಚಲು ಕೂತರೂ ಅಮೆರಿಕದ ಮಾತು ತೆಗೆಯುತ್ತಾಳೆ. ಹುಣಸೆಹಣ್ಣಿನ ಮಂಡಿಯ ಜಯರಾಮಪ್ಪನವರು ಮಗಳ ಬಾಣಂತನಕ್ಕೆಂದು ಅವಳನ್ನು ಆರು ತಿಂಗಳು ಅಲ್ಲಿಗೆ ಕಳಿಸಿದ್ದರು. "ಅಲ್ಲಿ ಇನ್ಸೂರಮ್ಮ ಅಂತ ಒಬ್ಳವ್ಳೆ ಕಣಮ್ಮ. ಜ್ವರ ಬರೋಕ್ ಮುಂಚೇನೆ ತಿಂಗ್ಳು ತಿಂಗ್ಳು ಕಾಣಿಕೆ ಕಟ್ಬೇಕು. ಕಟ್ದೆ ಆಸ್ಪತ್ರೆ ಮೆಟ್ಲು ಹತ್ತಿದ್ರೆ ಮನೆ ಮಾರ್ಕೊಂಡೇ ಇಳೀಬೇಕು" ಎನ್ನುತ್ತಾಳೆ. ಅದು ದೇವತೆಯಲ್ಲ, ಇನ್ಶೂರೆನ್ಸು ಎಂದು ಬಾಣಂತಿಯರು ತಿದ್ದಿದರೆ, "ನಮ್ ಮಾರಮ್ಮ ವರ್ಷಕ್ಕೊಂದು ಕೋಳಿಗೆ ಸುಮ್ಕಾಯ್ತಾಳೆ, ಅವಳು ಆಗಾಕಿಲ್ಲ" ಎಂದು ಕೂಸನ್ನು ಬೋರಲು ಹಾಕಿಕೊಳ್ಳುತ್ತಾಳೆ. ಕೆಮ್ಮಿದವರನ್ನು ಕಂಡರೆ, ಅಲ್ಲಾಗಿದ್ದರೆ ಆ ಕೆಮ್ಮಿಗೆ ಎರಡು ಎಮ್ಮೆ ಎಂದು ಬೆಲೆ ಕಟ್ಟುತ್ತಾಳೆ. ಹಲ್ಲುನೋವಿಗೆ ಒಂದು ಜೋಡಿ ಎತ್ತು. ಕಲ್ಯಾಣದುರ್ಗದಿಂದ ಮಗು ನೋಡಲು ಬಂದ ಬೀಗಿತ್ತಿಯೊಬ್ಬರು ಅವಳ ಬಲಗೈ ಮಣಿಕಟ್ಟು ಸೊಟ್ಟಗಿರುವುದನ್ನು ಕಂಡು ಏನಾಯಿತೆಂದು ಕೇಳಿದರು. ಅಮೆರಿಕದಲ್ಲಿ ಹಿಮ ಬಿದ್ದ ಮೆಟ್ಟಿಲ ಮೇಲೆ ಜಾರಿ ಮುರಿದದ್ದು ಎಂದು ಸಣ್ಣಕ್ಕ ನಡೆದದ್ದನ್ನೆಲ್ಲ ಹೇಳಿದಳು. ಸಣ್ಣಕ್ಕನಿಗೆ ಇನ್ಶೂರೆನ್ಸ್ ಮಾಡಿಸಿರಲಿಲ್ಲ. ಬರೀ ಉಳುಕು ಎಂದು ಮನೆಯವರಿಗೆ ಸುಳ್ಳು ಹೇಳಿ, ಹಳೇ ಸೀರೆ ಹರಿದು ಕಟ್ಟಿಕೊಂಡು, ನಲವತ್ತು ದಿನ ಎಡಗೈಯಲ್ಲೇ ಕೂಸಿಗೆ ನೀರು ಹಾಕಿದಳು. "ಅನ್ನ ಹಾಕೋ ಕೈ ಅಲ್ವೇನಕ್ಕಾ, ಯಾಕೆ ಹೇಳ್ಲಿಲ್ಲ?" ಎಂದರು ಬೀಗಿತ್ತಿ. "ಹೇಳಿದ್ರೆ ಆ ಬಾಣಂತಿ ಹುಡುಗಿ ನನ್ನ ಆಸ್ಪತ್ರೆಗೆ ಕರ್ಕೊಂಡ್ಹೋಗ್ಬುಡೋಳು ಕಣಮ್ಮ" ಎಂದಳು ಸಣ್ಣಕ್ಕ.