ಮೀನಿನ ನೀರಿಗೆ ಹಾಕಿದ ಹೆಪ್ಪು

ಪಾಚಿ ಕಟ್ಟಿದ ಒದ್ದೆ ಕಲ್ಲಿನ ವಾಸನೆ ಕೆಲವರಿಗೆ ಹಿಡಿಸುವುದಿಲ್ಲ, ಮೂಗು ಮುಚ್ಚಿಕೊಳ್ಳುತ್ತಾರೆ. ನನಗೋ ಅದು ಮೂಗಿಗೆ ಬಡಿದರೆ ಸಾಕು, ಕೂತಲ್ಲೇ ಮುಖ ಅರಳುತ್ತದೆ. ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ ಅಲ್ಲಿ ಕೆಲಸ ಮಾಡುವಾಕೆ ಮೀನಿನ ತೊಟ್ಟಿಯ ಮುಚ್ಚಳ ತೆಗೆದಳು. ಅದೇ ವಾಸನೆ ಬಂತು, ಹಸಿ ಮಣ್ಣಿನದೂ ಅಲ್ಲದ, ಕೆರೆಯದೂ ಅಲ್ಲದ ತಣ್ಣನೆಯ ವಾಸನೆ. ಒಂದು ಕಡೆ ದವಡೆ ಊದಿಸಿಕೊಂಡು ಕೂತವಳು ನಗುತ್ತಿರುವುದನ್ನು ಕಂಡು ಪಕ್ಕದವರು ಸ್ವಲ್ಪ ಸರಿದು ಕೂತರು. ಪಾಪ, ಅವರಿಗೇನು ಗೊತ್ತು. ನಾನಾಗಲೇ ಎಂಬತ್ತರ ದಶಕದ ತುಮಕೂರಿನಲ್ಲಿ, ಈಗ ಇಲ್ಲದ ನಮ್ಮ ಮನೆಯ ಪಡಸಾಲೆಯಲ್ಲಿ, ನಮ್ಮಜ್ಜಿಯ ಪಕ್ಕ ಹೋಗಿ ಕೂತಾಗಿತ್ತು. ನಿಮಗೂ ಹಾಗೆ ಕರೆದುಕೊಂಡು ಹೋಗುವ ಒಂದು ವಾಸನೆ ಇದ್ದೇ ಇರುತ್ತದೆ, ಹುಡುಕಿಕೊಳ್ಳಿ.

ನಮ್ಮಜ್ಜಿ ಗುಬ್ಬಿ ಕಡೆಯ ಹೆಣ್ಣು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸದಾ ಒಂದು ತೊಳೆಯುವ ನಾರು. ಹೊಸಿಲು, ಕಿಟಕಿ ಸರಳು, ದೀಪ, ಮೊಮ್ಮಕ್ಕಳು, ಯಾವುದನ್ನೂ ಅವರು ತೊಳೆಯದೆ ಬಿಟ್ಟವರಲ್ಲ. ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ಎದೆಯೆತ್ತರದ ಒಂದೇ ಗೋಡೆ. ಆಚೆ ಕಡೆ ಜೈನಾಬಿ ಇದ್ದರು. ಅವರ ಯಜಮಾನರು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರು. ಅಜ್ಜಿಗೂ ಜೈನಾಬಿಗೂ ಬೆಳಗಾದರೆ ಗೋಡೆ ಹತ್ತಿರ ಮಾತು. ಕರಿಬೇವು, ಹೂವು, ಹೆಪ್ಪು, ಎಲ್ಲ ಆ ಗೋಡೆಯ ಮೇಲಿಂದಲೇ ಹೋಗುತ್ತಿತ್ತು. ಹೋಗುತ್ತಿತ್ತು ಅಂದೆ, ಬರುತ್ತಿರಲಿಲ್ಲ. ಅಜ್ಜಿ ಕೊಡುತ್ತಿದ್ದರು, ತೆಗೆದುಕೊಳ್ಳುತ್ತಿರಲಿಲ್ಲ. ಮಾಂಸ ಬೇಯುವ ಮನೆ ಅಂತ ಬಾಯಿಬಿಟ್ಟು ಒಂದು ದಿನವೂ ಹೇಳಿದವರಲ್ಲ. ಬೇಡ ಕಣೇ, ಇದೆ ಕಣೇ, ಅಷ್ಟರಲ್ಲೇ ಮುಗಿಸುತ್ತಿದ್ದರು. ಜೈನಾಬಿಯವರಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಹಬ್ಬ ಬಂದರೆ ಏನಾದರೂ ಕೊಡಲೇ ಅಂತ ಒಮ್ಮೆ ಕೇಳಿಯೇ ಕೇಳುತ್ತಿದ್ದರು.

ಆಗಷ್ಟೇ ಕೆಲಸಕ್ಕೆ ಸೇರಿದ್ದ ನಮ್ಮ ಚಿಕ್ಕಪ್ಪನಿಗೆ ಯಾರದೋ ಮನೆಯಲ್ಲಿ ನೋಡಿ ಮೀನು ಸಾಕುವ ಹುಚ್ಚು ಹತ್ತಿತು. ಜೈನಾಬಿಯವರ ಯಜಮಾನರು ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ, ಸಂದಿಗೆಲ್ಲ ಪುಟ್ಟಿ ಮೆತ್ತಿ ಒಂದು ತೊಟ್ಟಿ ಮಾಡಿಕೊಟ್ಟರು. ಚಿಕ್ಕಪ್ಪ ಬೆಂಗಳೂರಿಂದ ಪ್ಲಾಸ್ಟಿಕ್ ಕವರಿನಲ್ಲಿ ಕಿತ್ತಳೆ ಬಣ್ಣದ ಮೀನು ತಂದ. ಬಸ್ಸಿನಲ್ಲಿ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಳೆಕೂಸಿನ ಹಾಗೆ ಕಾಪಾಡಿಕೊಂಡು ಬಂದಿದ್ದನಂತೆ. ಅಜ್ಜಿ ಮೊದಲು ಗೊಣಗಿದರು, ಆಮೇಲೆ ನೋಡುತ್ತಾ ಕೂತರು, ಆಮೇಲೆ ಅವುಗಳನ್ನು ತಮ್ಮ ಸುಪರ್ದಿಗೆ ತೆಗೆದುಕೊಂಡರು. ತೆಗೆದುಕೊಂಡ ಮೇಲೆ ಕೇಳಬೇಕೇ, ದಿನಾ ಬೆಳಗ್ಗೆ ಮೀನನ್ನು ಪಾತ್ರೆಗೆ ಬಿಟ್ಟು, ಹಳೇ ನೀರೆಲ್ಲ ಚೆಲ್ಲಿ, ಗಾಜು ಉಜ್ಜಿ, ತಳದ ಕಲ್ಲುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗೆ ಹರವುತ್ತಿದ್ದರು. ಕಲ್ಲುಗಳು ಪೂಜೆ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು. ಹೊಟ್ಟೆ ತುಂಬ ತಿನ್ನಲಿ ಅಂತ ಹುರಿಗಡಲೆ ಪುಡಿ ಬೇರೆ ಧಾರಾಳವಾಗಿ ಉದುರಿಸುತ್ತಿದ್ದರು.

ಮೀನುಗಳು ವಾರ ಕಳೆಯುವುದರೊಳಗೆ ಮೇಲಕ್ಕೆ ಬಂದು ಬಾಯಿ ಬಾಯಿ ಬಿಟ್ಟು ಸತ್ತವು. ಚಿಕ್ಕಪ್ಪ ಮತ್ತೆ ತಂದ. ಅಜ್ಜಿ ಇನ್ನೂ ಜೋರಾಗಿ ತಿಕ್ಕಿದರು. ಅವೂ ಸತ್ತವು. ನಮಗೆ ಮಕ್ಕಳಿಗೆ ಬೇಜಾರಾಯಿತು, ಆದರೆ ಅಜ್ಜಿಗಾದದ್ದು ಬೇಜಾರಲ್ಲ, ಭಯ. ಇರುವೆ ಸಾಲು ಕಂಡರೂ ದಾಟಿ ಹೋಗುವ ಹೆಂಗಸು. ಅವರ ಮನೆಯಲ್ಲಿ, ಅವರ ಕೈಯಲ್ಲೇ ಜೀವ ಹೋಗುತ್ತಿದೆ. ಸತ್ತ ಮೀನಿಗೆ ವಿಭೂತಿ ಹಚ್ಚಿ, ಕನಕಾಂಬರದ ಪಾತಿಯಲ್ಲಿ ಹೂತು ಬಂದವರು ಮಧ್ಯಾಹ್ನ ಮುದ್ದೆಯನ್ನು ಮುಟ್ಟಲಿಲ್ಲ. ಚಿಕ್ಕಪ್ಪ ಮೂರನೆಯ ಸಲ ಕವರು ಹಿಡಿದು ಬಂದಾಗ ಬಾಗಿಲಲ್ಲೇ ನಿಲ್ಲಿಸಿ, "ಸಾಯಕ್ಕೇ ತರ್ತೀಯೇನ್ಲಾ ಇವನ್ನ? ಇದೇ ಕಡೆ. ಇವೂ ಹೋದ್ರೆ ಆ ಗಾಜಿನ್ ಪೆಟ್ಗೆ ಈ ಮನೇಲಿರ್ಬಾರ್ದು. ನನ್ ಕೈಲಿ ಇನ್ನು ಈ ಪಾಪ ಹೊರಕ್ಕಾಗಲ್ಲ," ಅಂದರು. ಮೂರು ಮೀನುಗಳಿದ್ದವು. ನಾನು ಅವುಗಳಿಗೆ ಹೆಸರಿಡಲು ಧೈರ್ಯ ಮಾಡಲಿಲ್ಲ.

ಒಂದೆರಡು ದಿನ ಕಳೆದಿರಬೇಕು. ನೀರು ಅಕ್ಕಿ ತೊಳೆದ ಹಾಗೆ ಮಬ್ಬಾಗಿತ್ತು, ಮೀನುಗಳು ಮತ್ತೆ ಮೇಲೆ ತೇಲಿ ಬಾಯಿ ಬಿಡುತ್ತಿದ್ದವು. ಅಜ್ಜಿ ನಾರು ಹಿಡಿದು ಹಿತ್ತಲಿಗೆ ಬಂದರು, ಆ ಹೊತ್ತಿಗೆ ಸರಿಯಾಗಿ ಗೋಡೆಯಾಚೆಯಿಂದ ಜೈನಾಬಿ ಬಟ್ಟಲು ಚಾಚಿದರು.

"ದೊಡ್ಡಮ್ಮ, ಒಂಚೂರು ಹೆಪ್ಪು ಕೊಡಿ. ನಮ್ ನಾದ್ನಿ ಕುಣಿಗಲ್ಲಿಂದ ಬಂದವ್ಳೆ. ಕೆಲಸ ಮಾಡ್ತೀನಿ ಅಂತ ಮೊಸರು ಕುಡಿಕೇನೆಲ್ಲ ತೊಳ್ದು ಬೋರಲಾಕವ್ಳೆ. ಕುಡಿಕೆ ಥಳಥಳ ಅಂತೈತೆ, ಹೆಪ್ಪೇ ಇಲ್ಲ."

ಅಜ್ಜಿ ಬಟ್ಟಲು ಇಸಿದುಕೊಂಡವರು ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ಕೈಯಲ್ಲಿದ್ದ ನಾರನ್ನೇ ನೋಡಿದರು.

"ಜೈನಾಬಿ, ನಿಮ್ ಹಿತ್ಲು ಕಲ್ಲುತೊಟ್ಟೀಲಿ ಸಣ್ ಮೀನವೆಯಲ್ಲ, ಅದನ್ನ ಯಾವಾಗ್ ತೊಳೀತೀಯೆ?"

"ಆ ಬಂಡೆಯಂಥ ತೊಟ್ಟೀನ ಯಾರು ತೊಳೀತಾರೆ ದೊಡ್ಡಮ್ಮ? ಸೊಳ್ಳೆ ಆಗ್ದಿರ್ಲಿ ಅಂತ ನಮ್ ಮಾವ ಬಿಟ್ಟಿದ್ದು. ಕಮ್ಮಿಯಾದ್ರೆ ಒಂದ್ ಕೊಡ ನೀರು ಹಾಕ್ತೀನಿ, ಅಷ್ಟೆ. ಪಾಚಿ ಹಿಡ್ದು ನಾರ್ತೈತೆ, ಅವು ಮಾತ್ರ ಮರಿ ಮೇಲೆ ಮರಿ ಹಾಕ್ತಾವೆ."

ಅಜ್ಜಿ ಒಳಗೆ ಹೋಗಿ ಹೆಪ್ಪು ತಂದು ಕೊಟ್ಟರು. ಕೊಟ್ಟ ಮೇಲೂ ಗೋಡೆ ಬಿಟ್ಟು ಕದಲಲಿಲ್ಲ. ಅವರ ಇನ್ನೊಂದು ಕೈಯಲ್ಲಿ ಒಂದು ಚೊಂಬು ಇತ್ತು, ನಾನದನ್ನು ಆಮೇಲೆ ನೋಡಿದೆ.

"ನಿಮ್ ತೊಟ್ಟಿ ತಳದ್ದು ಕಲ್ಲು ಒಂದ್ ಹಿಡಿ ಕೊಡೇ ನಂಗೆ. ಅದೇ ನೀರೂ ಒಂದ್ ಚೊಂಬು."

"ನಮ್ಮನೇದಾ ದೊಡ್ಡಮ್ಮ?" ಜೈನಾಬಿ ಮೆಲ್ಲಗೆ ಕೇಳಿದರು.

"ಹೂಂ ಕಣೇ. ನಾನು ಕುಡಿಕೆ ತೊಳ್ದು ತೊಳ್ದು ಹೆಪ್ಪೇ ಉಳಿಸ್ಲಿಲ್ಲ. ಕೊಡು."

ಬಾಗಿಲಲ್ಲಿ ನಿಂತಿದ್ದ ನಮ್ಮಮ್ಮನ ಕಣ್ಣು ದೊಡ್ಡದಾಯಿತು. ಲೋಳೆ ಲೋಳೆಯಾದ ಹಸಿರು ಕಲ್ಲುಗಳನ್ನು ಅಜ್ಜಿ ಬರಿಗೈಯಲ್ಲೇ ಇಸಿದುಕೊಂಡು, ದೇವರ ಕೋಣೆಯ ಮುಂದೆ ಹಾದು, ಗಾಜಿನ ತೊಟ್ಟಿಗೆ ಇಳಿಬಿಟ್ಟರು. ನೀರನ್ನೂ ಸುರಿದರು. ಅಮ್ಮ ಬಚ್ಚಲಿನಲ್ಲಿ ಬಿಸಿನೀರು ತೋಡಿಟ್ಟು ಕಾದರು. ಅಜ್ಜಿ ಆ ಕಡೆ ತಲೆಹಾಕಲಿಲ್ಲ, ಸೆರಗಿಗೆ ಕೈ ಒರೆಸಿಕೊಂಡು ಮಣೆಯ ಮೇಲೆ ಕೂತರು.

ಅಂದಿನಿಂದ ಆ ತೊಟ್ಟಿಗೆ ನಾರು ಸೋಕಲಿಲ್ಲ. ಹಿಂದಿನ ದಿನ ಹಿಡಿದಿಟ್ಟ ನೀರಲ್ಲಿ ಒಂದೆರಡು ಚೊಂಬು ಮಾತ್ರ ಬದಲಾಯಿಸುತ್ತಿದ್ದರು. ಪುಡಿ ಒಂದು ಚಿಟಿಕೆ, ಅದೂ ದಿನ ಬಿಟ್ಟು ದಿನ. ಕಾಲೇಜಿಗೆ ಹೋದ ಮೇಲೆ ನಾನೂ ಓದಿದೆ: ಮೀನಿನ ಹೊಲಸೇ ನೀರಲ್ಲಿ ವಿಷವಾಗುತ್ತದೆ, ಅದನ್ನು ತಿಂದು ಅರಗಿಸುವ ಕಣ್ಣಿಗೆ ಕಾಣದ ಜೀವಗಳು ಕಲ್ಲಿಗೆ ಅಂಟಿ ಬೆಳೆಯಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಅಜ್ಜಿಗೆ ಇಷ್ಟೆಲ್ಲ ಗೊತ್ತಿರಲಿಲ್ಲ, ಕಾಯುವುದು ಗೊತ್ತಿತ್ತು. ಮಧ್ಯೆ ಒಂದು ಮೀನು ಸತ್ತಿತು. ನಾವೆಲ್ಲ ಅಜ್ಜಿಯ ಮುಖ ನೋಡಿದೆವು, ಚಿಕ್ಕಪ್ಪನಂತೂ ಪೆಟ್ಟಿಗೆ ಎತ್ತಲು ಸಿದ್ಧನಾಗಿ ನಿಂತಿದ್ದ. ಅಜ್ಜಿ ಕಣ್ಣೊರೆಸಿಕೊಂಡು, "ಹೆಪ್ಪಾಕಿದ್ ತಕ್ಷಣ ಮೊಸರಾಯ್ತದೇನ್ಲಾ? ತಡಿ, ಅಲ್ಲಾಡಿಸ್ಬ್ಯಾಡ," ಅಂದರು. ಉಳಿದೆರಡು ಉಳಿದವು. ಒಂದು ಬೆಳಗ್ಗೆ ನೀರು ತಿಳಿಯಾಗಿತ್ತು, ಕಲ್ಲುಗಳೆಲ್ಲ ತೆಳ್ಳಗೆ ಹಸಿರು ಹೊದ್ದಿದ್ದವು, ಮೀನುಗಳು ತಳದಲ್ಲಿ ನೆಮ್ಮದಿಯಾಗಿ ಕಲ್ಲುಸಂದಿ ಕೆದಕುತ್ತಿದ್ದವು. ಅವತ್ತು ಅಜ್ಜಿ ಎರಡು ಮುದ್ದೆ ಉಂಡರು.

ಆಮೇಲಿನದೆಲ್ಲ ಸುಖದ ದಿನಗಳು. ಸಂಜೆ ಪೂಜೆ ಮುಗಿಸಿ ಅಜ್ಜಿ ತೊಟ್ಟಿಯ ಮುಂದೆ ಕೂರುತ್ತಿದ್ದರು, ನಾನು ಅವರ ತೊಡೆಗೆ ಒರಗುತ್ತಿದ್ದೆ, ಚಿಕ್ಕಪ್ಪ ರೇಡಿಯೋ ತಿರುವುತ್ತಿದ್ದ. ಜೈನಾಬಿ ಜಗಲಿಯವರೆಗೆ ಬಂದು, ಬಾಗಿಲಿಗೆ ಒರಗಿ, ಅಲ್ಲಿಂದಲೇ ನೋಡಿ ನಗುತ್ತಿದ್ದರು. ಒಳಗೆ ಬಾ ಎಂದು ಅಜ್ಜಿ ಕರೆಯಲಿಲ್ಲ, ಅವರೂ ಬರಲಿಲ್ಲ. ಮತ್ತೇನನ್ನೂ ಅಜ್ಜಿ ಆ ಮನೆಯಿಂದ ಕೇಳಲೂ ಇಲ್ಲ. ಇದನ್ನು ಬರೆಯುವಾಗ ಸ್ವಲ್ಪ ಕಸಿವಿಸಿಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಎಂಬತ್ತರ ದಶಕ ಮುಗಿಯುವ ಮೊದಲೇ ಅಜ್ಜಿ ಹೋದರು. ಅವರ ಶಿವಗಣಾರಾಧನೆಯ ಹಿಂದಿನ ದಿನ ಗುಬ್ಬಿಯಿಂದ ನೆಂಟರು ಬಂದು, ಸೀರೆ ಎತ್ತಿಕಟ್ಟಿ ಮನೆಯೆಲ್ಲ ತೊಳೆಯಲು ನಿಂತರು. ಅಜ್ಜಿ ಮುಟ್ಟಿದ್ದೆಲ್ಲ, ಹಾಸಿಗೆ, ಮಣೆ, ಪಾತ್ರೆ, ಒಂದೊಂದೇ ಹೊರಗೆ ಹೋಗಿ ನೀರು ಕಂಡು ಬರುತ್ತಿತ್ತು. ಒಬ್ಬರು ಅತ್ತೆ ಬಕೆಟ್ಟು ಹಿಡಿದು ಮೀನಿನ ತೊಟ್ಟಿಯ ಹತ್ತಿರ ಬಂದು, ನೀರು ಮೊಗೆಯಲು ಬಗ್ಗಿದರು. ಹೆಂಗಸರ ಜೊತೆ ಜಗಲಿಯಲ್ಲಿ ಕೂತಿದ್ದ ಜೈನಾಬಿ ಎದ್ದು, ಹೊಸಿಲು ದಾಟಿ, ಒದ್ದೆ ನೆಲದ ಮೇಲೆ ನೆಟ್ಟಗೆ ನಡೆದು ಬಂದು ಗಾಜಿನ ಮೇಲೆ ಎರಡೂ ಕೈ ಇಟ್ಟರು.

"ಇದೊಂದ್ ತೊಳೀಬ್ಯಾಡಿ ಕಣಮ್ಮ," ಅಂದರು. "ದೊಡ್ಡಮ್ಮ ನಮ್ಮನೇಲಿ ಕೇಳಿ ಈಸ್ಕೊಂಡಿದ್ದು ಇದೊಂದೇ."

ಅತ್ತೆ ಬಕೆಟ್ಟನ್ನು ಕೆಳಗಿಟ್ಟರು.